ರಾಜಬೀದಿಯ ಮೈಸೂರು, ರಿಂಗ್ ರಸ್ತೆಯಾಚೆಯ ಮೈಸೂರು

ಹೊರಗಿನವರ ಮನಸ್ಸಿನಲ್ಲಿರುವ ಮೈಸೂರು ಬಹುಮಟ್ಟಿಗೆ ಒಂದೇ ರಸ್ತೆಯ ಮೇಲೆ ನಿಂತಿದೆ. ಅರಮನೆಯಿಂದ ಹೊರಟು ಚಾಮರಾಜ ವೃತ್ತ, ಕೆ.ಆರ್. ವೃತ್ತ, ಸಯ್ಯಾಜಿರಾವ್ ರಸ್ತೆ, ಆಯುರ್ವೇದ ಆಸ್ಪತ್ರೆ ವೃತ್ತಗಳನ್ನು ಹಾದು ಬನ್ನಿಮಂಟಪ ತಲುಪುವ, ಐದು ಕಿಲೋಮೀಟರ್ ಆಸುಪಾಸಿನ ಆ ಜಂಬೂಸವಾರಿ ಮಾರ್ಗದಲ್ಲಿ ವಿಜಯದಶಮಿಯ ದಿನ 750 ಕಿಲೋ ತೂಕದ ಅಂಬಾರಿ ಹೊತ್ತ ಆನೆ ನಡೆಯುವುದನ್ನು ನಾಡೆಲ್ಲ ಟಿವಿಯಲ್ಲಿ ನೋಡುತ್ತದೆ. ಇದಕ್ಕೆ ಭಾನುವಾರ ಸಂಜೆ ಹೊತ್ತಿಕೊಳ್ಳುವ ಅರಮನೆಯ ಲಕ್ಷದಷ್ಟು ದೀಪಗಳು, ಚಾಮುಂಡಿ ಬೆಟ್ಟ, 1892ರಿಂದ ನಡೆದುಬಂದಿರುವ ಮೃಗಾಲಯ, ಬೃಂದಾವನದ ಕಾರಂಜಿ, ಮೈಸೂರು ಪಾಕು, ರೇಷ್ಮೆ ಸೀರೆ ಸೇರಿದರೆ ಚಿತ್ರ ಪೂರ್ತಿಯಾಗುತ್ತದೆ. ಗೋಕುಲಂ ಬಡಾವಣೆಗೆ ಅಷ್ಟಾಂಗ ಯೋಗ ಕಲಿಯಲು ಬರುವ ವಿದೇಶೀಯರಿಗೆ ಮೈಸೂರು ಮುಂಜಾನೆಯ ಸಾಧನೆಯ ಊರು; ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಬೇಸತ್ತವರಿಗೆ ಅದು ನಿವೃತ್ತಿಯ ಮೇಲೆ ಹೋಗಿ ನೆಲೆಸಬೇಕಾದ ಊರು.

ಈ ಚಿತ್ರದಲ್ಲಿ ಸುಳ್ಳೇನೂ ಇಲ್ಲ. ಮೈಸೂರಿನಲ್ಲಿ ಈಗಲೂ ಅಗಲವಾದ ರಸ್ತೆಗಳಿವೆ, ನಡುವೆಯೇ ಕೆರೆಯಿದೆ, ಊರಿನ ಒಂದು ಅಂಚಿನಿಂದ ಇನ್ನೊಂದಕ್ಕೆ ಹೋಗಲು ಅರ್ಧ ದಿನ ಕಳೆಯಬೇಕಾಗಿಲ್ಲ. ಆದರೆ ಇಲ್ಲಿ ಬದುಕುತ್ತಿರುವವರಲ್ಲಿ ಹಲವರ ದಿನಚರಿಗೂ ಈ ಚಿತ್ರಕ್ಕೂ ಸಂಬಂಧ ತೆಳುವಾಗುತ್ತ ಬಂದಿದೆ. ಏಕೆಂದರೆ ಈ ಊರಿಗೆ ಒಳ್ಳೆಯ ಹೆಸರು ತಂದುಕೊಟ್ಟದ್ದು ಅರಮನೆಗಿಂತ ಹೆಚ್ಚಾಗಿ ಚರಂಡಿ, ನೀರಿನ ಕೊಳವೆ ಮತ್ತು ಅಳೆದು ಹಂಚಿದ ನಿವೇಶನಗಳ ಒಂದು ವ್ಯವಸ್ಥೆ. ಆ ವ್ಯವಸ್ಥೆ ಹಳೆಯ ಬಡಾವಣೆಗಳ ಗಡಿಯಲ್ಲಿ ನಿಂತುಹೋಗಿದೆ. ಊರು ಮಾತ್ರ ಅದನ್ನು ದಾಟಿ ಬೆಳೆಯುತ್ತಲೇ ಇದೆ.

ಆ ವ್ಯವಸ್ಥೆ ಹುಟ್ಟಿದ್ದು ದೊಡ್ಡ ಭಯದಿಂದ. 1897ರಲ್ಲಿ ಮರದ ಹಳೆಯ ಅರಮನೆ ಬೆಂಕಿಗೆ ಆಹುತಿಯಾದ ಕಥೆ ಎಲ್ಲರಿಗೂ ಗೊತ್ತು. ಅದಾದ ಸ್ವಲ್ಪದರಲ್ಲೇ ಪ್ಲೇಗು ಊರಿಗೆ ನುಗ್ಗಿ, ಗಾಳಿ ಬೆಳಕಿಲ್ಲದ ಒತ್ತೊತ್ತಾದ ಕೇರಿಗಳಲ್ಲಿ ಜನರನ್ನು ಬಲಿ ತೆಗೆದುಕೊಂಡದ್ದನ್ನು ನೆನೆಯುವವರು ಕಡಿಮೆ. ಬೆಂಕಿಯ ಫಲವಾಗಿ ಹೆನ್ರಿ ಇರ್ವಿನ್ ವಿನ್ಯಾಸದ ಹೊಸ ಅರಮನೆ 1912ರ ಹೊತ್ತಿಗೆ ಎದ್ದು ನಿಂತಿತು. ಪ್ಲೇಗಿನ ಫಲವಾಗಿ 1903ರಲ್ಲಿ ಮೈಸೂರು ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್ ಸ್ಥಾಪನೆಯಾಯಿತು. 1898ರ ಮುಂಬೈ ಟ್ರಸ್ಟಿನ ಬೆನ್ನಿಗೇ ಬಂದ ಇದು ದೇಶದ ಮೊದಮೊದಲ ಇಂಥ ಸಂಸ್ಥೆಗಳಲ್ಲಿ ಒಂದು. ಕೋಟೆಯೊಳಗಿನ ದಟ್ಟಣೆಯನ್ನು ಕರಗಿಸಿ, ಹೊರಗೆ ಹೊಸ ಮೊಹಲ್ಲಾ ಹಾಗೂ ಬಡಾವಣೆಗಳನ್ನು ತೆರೆದು, ಮನೆಗಳ ಬೆನ್ನಿಗೆ ಕೊಳಕು ಸಾಗಿಸಲೆಂದೇ ಕನ್ಸರ್ವೆನ್ಸಿ ಗಲ್ಲಿಗಳನ್ನು ಬಿಟ್ಟು, ಮುಂದೆ ಮರ ನೆಡಲು ಜಾಗವಿಟ್ಟು ಊರನ್ನು ಹರಡಲಾಯಿತು. ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ ಕಡೆ ಇಂದಿಗೂ ನಡೆದು ಹೋದರೆ ರಸ್ತೆಗೂ ಮನೆಗೂ ಇರುವ ಅಳತೆಯಲ್ಲೇ ಆ ಯೋಚನೆ ಕಾಣಿಸುತ್ತದೆ. ಮನೆ ಕಟ್ಟುವುದಕ್ಕೆ ಮೊದಲೇ ಕೊಳಚೆ ಎಲ್ಲಿಗೆ ಹರಿಯಬೇಕು ಎಂದು ಕೇಳಿಕೊಂಡ ಆಡಳಿತವೊಂದು ಇಲ್ಲಿತ್ತು. ಅರಮನೆಯಷ್ಟೇ ಹೆಮ್ಮೆಪಡಬೇಕಾದ ಸಂಗತಿ ಇದೆಂಬುದು ನನ್ನ ನಂಬಿಕೆ.

ಇದರ ಜೊತೆಗೆ ಸಂಸ್ಥಾನವೇ ಉದ್ಯೋಗದಾತನಾಗಿತ್ತು. 1912ರ ರೇಷ್ಮೆ ನೇಯ್ಗೆ ಕಾರ್ಖಾನೆ, ಅದರ ಕೆಲವೇ ವರ್ಷಗಳ ನಂತರದ ಗಂಧದೆಣ್ಣೆ ಕಾರ್ಖಾನೆ, 1916ರ ವಿಶ್ವವಿದ್ಯಾನಿಲಯ, ಕೃಷ್ಣರಾಜೇಂದ್ರ ಆಸ್ಪತ್ರೆ, 1937ರ ಬಣ್ಣ ಮತ್ತು ಅರಗಿನ ಕಾರ್ಖಾನೆ (1962ರಿಂದ ದೇಶದ ಮತದಾರರ ಬೆರಳಿಗೆ ಹಚ್ಚುವ ಶಾಯಿ ಬರುತ್ತಿರುವುದು ಇಲ್ಲಿಂದಲೇ), ರೈಲ್ವೆ ವರ್ಕ್‌ಶಾಪ್, ಸ್ವಾತಂತ್ರ್ಯಾನಂತರ ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ), ವಾಕ್-ಶ್ರವಣ ಸಂಸ್ಥೆ, ಭಾರತೀಯ ಭಾಷಾ ಸಂಸ್ಥಾನಗಳು: ಇವೆಲ್ಲವೂ ತಿಂಗಳ ಸಂಬಳ, ಕ್ವಾರ್ಟರ್ಸು, ಪಿಂಚಣಿ ಇರುವ ಒಂದು ಮಧ್ಯಮ ವರ್ಗವನ್ನು ಬೆಳೆಸಿದವು. ‘ನಿವೃತ್ತರ ಸ್ವರ್ಗ’ ಎಂಬ ಮಾತಿನ ಹಿಂದಿರುವುದು ಹವಾಮಾನವಷ್ಟೇ ಅಲ್ಲ. ನಿಶ್ಚಿತ ಪಿಂಚಣಿ, ಸರದಿಯ ಮೇಲೆ ಸಿಕ್ಕ ಟ್ರಸ್ಟ್ ಬೋರ್ಡಿನ ಸೈಟು, ನಡೆದು ಹೋಗುವಷ್ಟು ದೂರದಲ್ಲಿ ಆಸ್ಪತ್ರೆ ಮತ್ತು ತರಕಾರಿ ಮಾರುಕಟ್ಟೆ ಇವು ಒಟ್ಟಿಗೆ ಸಿಕ್ಕಿದ್ದರಿಂದ ಒಂದು ತಲೆಮಾರಿನ ಮುಪ್ಪು ಇಲ್ಲಿ ನೆಮ್ಮದಿಯಾಗಿ ಕಳೆಯಿತು. ಇಂದು ಮೈಸೂರಿನಲ್ಲಿ ನೆಲೆಸಲು ಬರುವವರಿಗೆ ಆ ಮಾತು ಉಳಿದಿದೆ, ಅದನ್ನು ನಿಜ ಮಾಡಿದ್ದ ಏರ್ಪಾಡು ಉಳಿದಿಲ್ಲ.

ಸ್ವಚ್ಛ ನಗರ ಎಂಬ ಬಿರುದನ್ನು ಇದೇ ಬೆಳಕಿನಲ್ಲಿ ನೋಡಬೇಕು. 2015 ಮತ್ತು 2016ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಸ್ವಚ್ಛತಾ ರ‍್ಯಾಂಕಿಂಗ್‌ಗಳಲ್ಲಿ ಮೈಸೂರು ಮೊದಲ ಸ್ಥಾನದಲ್ಲಿತ್ತು. ಆಮೇಲೆ ಇಂದೋರ್ ಮುಂದೆ ಹೋಯಿತು, ಮೈಸೂರಿನ ಸ್ಥಾನ ಏರಿಳಿಯಿತು, ಆದರೂ ಅದು ಮುಂಚೂಣಿಯ ನಗರಗಳ ಸಾಲಿನಲ್ಲೇ ಇದೆ. ಇದು ಸುಮ್ಮನೆ ಬಂದ ಗೌರವವಲ್ಲ. ಬೆಳಕು ಹರಿಯುವ ಮೊದಲೇ ಬೀದಿಗಿಳಿಯುವ ಪೌರಕಾರ್ಮಿಕರ ದುಡಿಮೆ, ಮನೆ ಮನೆಯಿಂದ ಕಸ ಸಂಗ್ರಹಿಸುವ ಪದ್ಧತಿ, ಕುಂಬಾರಕೊಪ್ಪಲಿನಂಥ ಕಡೆ ಹಸಿ ಕಸ ಒಣ ಕಸ ಬೇರ್ಪಡಿಸಿ ಗೊಬ್ಬರ ಮಾಡಿ ತೋರಿಸಿದ ಶೂನ್ಯ ತ್ಯಾಜ್ಯ ಘಟಕ, ಕಸವನ್ನು ರಸ್ತೆಗೆ ಎಸೆಯಲು ಹಿಂಜರಿಯುವ ಹಳೆಯ ನಾಗರಿಕರ ಅಭ್ಯಾಸ, ಇವೆಲ್ಲವೂ ಇದರಲ್ಲಿ ಸೇರಿವೆ. ಆದರೆ ಇಂಥ ಸಮೀಕ್ಷೆ ಅಳೆಯುವುದು ಒಂದು ಸ್ಥಳೀಯ ಸಂಸ್ಥೆಯ ವ್ಯಾಪ್ತಿಯನ್ನು. ಪಾಲಿಕೆಯ 65 ವಾರ್ಡುಗಳ ಗಡಿ ಎಲ್ಲಿ ಮುಗಿಯುತ್ತದೆಯೋ ಅಲ್ಲಿಗೆ ಅಂಕಪಟ್ಟಿಯೂ ಮುಗಿಯುತ್ತದೆ. ಆ ಗಡಿಯ ಆಚೆಗೂ ಜನ ಮೈಸೂರಿನ ಹೆಸರಿನಲ್ಲೇ ಮನೆ ಕೊಂಡು, ಮೈಸೂರಿನಲ್ಲೇ ದುಡಿದು, ಮೈಸೂರಿನ ವಿಳಾಸ ಬರೆದು ಬದುಕುತ್ತಿದ್ದಾರೆ.

ಗಡಿಯೊಳಗೂ ಲೆಕ್ಕ ಸಮವಾಗಿಲ್ಲ. ಊರಿನ ಕಸ ದಶಕಗಳಿಂದ ಹೋಗಿ ಬಿದ್ದದ್ದು ವಿದ್ಯಾರಣ್ಯಪುರಂನ ಸೂಯೆಜ್ ಫಾರಂನಲ್ಲಿ. ಒಂದು ಕಾಲದಲ್ಲಿ ಊರಾಚೆಯಿದ್ದ ಆ ಜಾಗದ ಸುತ್ತ ಈಗ ಮನೆಗಳಿವೆ. ಗಾಳಿ ಅತ್ತಲಿಂದ ಬೀಸಿದಾಗ ಕಿಟಕಿ ಮುಚ್ಚಿಕೊಳ್ಳುವವರು, ಬೇಸಿಗೆಯಲ್ಲಿ ಕಸದ ರಾಶಿಗೆ ಬೆಂಕಿ ಹತ್ತಿದಾಗ ಹೊಗೆ ಕುಡಿಯುವವರು ಆ ಸುತ್ತಿನ ನಿವಾಸಿಗಳು. ಹಳೆಯ ಕಸದ ಗುಡ್ಡವನ್ನು ಜರಡಿ ಹಿಡಿದು ತೆರವು ಮಾಡುವ ಯೋಜನೆಯ ಮಾತು ವರ್ಷಗಳಿಂದ ನಡೆದಿದೆ, ಕೆಲಸವೂ ಒಂದಷ್ಟು ಆಗಿದೆ. ಒಂದು ಊರು ಸ್ವಚ್ಛವಾಗಿ ಕಾಣುವುದಕ್ಕೆ ಅದರ ಒಂದು ಮೂಲೆ ಇಷ್ಟು ದೀರ್ಘಕಾಲ ಬೆಲೆ ತೆರಬೇಕಾಯಿತು ಎಂಬುದನ್ನು ಸ್ವಚ್ಛತೆಯ ಪ್ರಶಸ್ತಿ ಸ್ವೀಕರಿಸುವ ಹೊತ್ತಿನಲ್ಲಿ ನೆನೆಯುವ ಪರಿಪಾಠವಿಲ್ಲ.

ಇನ್ನು ಸುಮಾರು 42 ಕಿಲೋಮೀಟರ್ ಉದ್ದದ ಹೊರವರ್ತುಲ ರಸ್ತೆಯ ಕಡೆಗೆ ಬರೋಣ. ಊರವರು ರಿಂಗ್ ರೋಡ್ ಎಂದು ಕರೆಯುವ ಈ ರಸ್ತೆ ಆದಮೇಲೆ ಮೈಸೂರು ಅದರ ಎರಡೂ ಬದಿಗೆ ವೇಗವಾಗಿ ಹಬ್ಬಿತು. ಟ್ರಸ್ಟ್ ಬೋರ್ಡಿನ ಜಾಗಕ್ಕೆ 1980ರ ದಶಕದ ಕೊನೆಯಲ್ಲಿ ಬಂದ ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ), ಮುಂದಿನ ದಿನಗಳಲ್ಲಿ ತಾನೇ ಬಡಾವಣೆ ಮಾಡುವುದಕ್ಕಿಂತ ಖಾಸಗಿ ಬಡಾವಣೆಗಳ ನಕ್ಷೆಗೆ ಅನುಮೋದನೆ ಕೊಡುವುದರಲ್ಲೇ ಹೆಚ್ಚಾಗಿ ಉಳಿಯಿತು. ನಿವೇಶನಕ್ಕೆ ಅರ್ಜಿ ಹಾಕಿದ ಸಾವಿರಾರು ಸಾಮಾನ್ಯರು ವರ್ಷಗಟ್ಟಲೆ ಕಾಯುತ್ತಿರುವಾಗ, ವಶಪಡಿಸಿಕೊಂಡ ಭೂಮಿಗೆ ಬದಲಾಗಿ ನಿವೇಶನ ಕೊಡುವ 50:50 ಹಂಚಿಕೆಯ ವಿವಾದ 2024ರಲ್ಲಿ ರಾಜ್ಯ ರಾಜಕಾರಣವನ್ನೇ ಆವರಿಸಿತು. ಆ ವಿವಾದದ ಸರಿತಪ್ಪುಗಳ ಚರ್ಚೆ ಬೇಕಾದಷ್ಟು ನಡೆಯಿತು. ಆದರೆ ಬಡಾವಣೆಗಳಲ್ಲಿ ಆಗಲೇ ಮನೆ ಕಟ್ಟಿಕೊಂಡಿರುವವರ ಮನೆಯ ಕೊಳಚೆ ಎಲ್ಲಿಗೆ ಹೋಗುತ್ತಿದೆ ಎಂಬ ಪ್ರಶ್ನೆ ಅದರ ಹತ್ತರಲ್ಲಿ ಒಂದು ಪಾಲು ಗಮನವನ್ನೂ ಪಡೆಯಲಿಲ್ಲ.

ಈ ಪ್ರಶ್ನೆಗೆ ಉತ್ತರ ಭೂಮಿಯ ಇಳಿಜಾರಿನಲ್ಲಿದೆ. ಮೈಸೂರಿನ ನೀರು ಒಂದೇ ಕಡೆ ಹರಿಯುವುದಿಲ್ಲ. ಊರಿನ ಕೊಳಚೆಯನ್ನು ಶುದ್ಧೀಕರಿಸುವ ಘಟಕಗಳು ಕೆಸರೆ, ವಿದ್ಯಾರಣ್ಯಪುರಂ, ರಾಯನಕೆರೆ ಎಂಬ ಮೂರು ಬೇರೆ ಬೇರೆ ದಿಕ್ಕುಗಳಲ್ಲಿ ಇರುವುದಕ್ಕೆ ಕಾರಣವೇ ಇದು. ಹಳೆಯ ಊರಿನ ಒಳಚರಂಡಿ ಜಾಲ ಇವುಗಳಿಗೆ ಕೂಡಿಕೊಂಡಿದೆ. ಆದರೆ ಹೊರಗಿನ ಅನೇಕ ಖಾಸಗಿ ಬಡಾವಣೆಗಳಲ್ಲಿ ಮನೆಯಿಂದ ರಸ್ತೆಯವರೆಗೆ ಯುಜಿಡಿ (ಒಳಚರಂಡಿ) ಪೈಪು ಹಾಕಿ, ಬಡಾವಣೆಯ ತುದಿಯಲ್ಲಿ ಅದನ್ನು ಯಾವ ಜಾಲಕ್ಕೂ ಸೇರಿಸದೆ ಬಿಡಲಾಗಿದೆ. ಅಲ್ಲಿಂದ ಕೊಳಚೆ ಮಳೆನೀರಿನ ಕಾಲುವೆಗೆ, ಕಾಲುವೆಯಿಂದ ಕೆರೆಗೆ, ಕೆರೆಯಿಂದ ಕೆಳಗಿನ ಊರಿನ ಅಂತರ್ಜಲಕ್ಕೆ ಇಳಿಯುತ್ತದೆ. ದಳವಾಯಿ ಕೆರೆಯ ದುಃಸ್ಥಿತಿ ಹೀಗೆಯೇ ಆದದ್ದು. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆದ, ಊರಿನ ಅತ್ಯಂತ ಪ್ರೀತಿಯ ಕುಕ್ಕರಹಳ್ಳಿ ಕೆರೆಗೂ ಮೇಲಿನ ಬಡಾವಣೆಗಳ ಕೊಳಚೆ ಸೇರುವುದರ ವಿರುದ್ಧ ನಾಗರಿಕರು ಪದೇ ಪದೇ ದನಿ ಎತ್ತಬೇಕಾಗಿ ಬಂದಿದೆ.

2024ರ ಮೇ ತಿಂಗಳಲ್ಲಿ ಮೈಸೂರಿನ ಅಂಚಿನ ಕೆ. ಸಾಲುಂಡಿ ಗ್ರಾಮದಲ್ಲಿ ಕಲುಷಿತ ಕುಡಿಯುವ ನೀರಿನಿಂದ ಹಲವಾರು ಜನ ವಾಂತಿ ಭೇದಿಯಿಂದ ಆಸ್ಪತ್ರೆ ಸೇರಿದರು. ಒಬ್ಬ ಯುವಕ ಸತ್ತ. ಸುತ್ತಲ ಬಡಾವಣೆಗಳ ಕೊಳಚೆ ತಮ್ಮ ಊರಿಗೆ ಹರಿದುಬರುತ್ತಿದೆ ಎಂಬುದು ಗ್ರಾಮಸ್ಥರ ದೂರಾಗಿತ್ತು. ಮುಖ್ಯಮಂತ್ರಿಗಳು ಭೇಟಿ ಕೊಟ್ಟರು, ಅಧಿಕಾರಿಗಳ ಮೇಲೆ ಕ್ರಮದ ಮಾತು ಬಂತು, ಟ್ಯಾಂಕರ್ ನೀರು ಬಂತು. ನನಗೆ ಈ ಘಟನೆ ಇಂದಿನ ಮೈಸೂರನ್ನು ಅರ್ಥ ಮಾಡಿಕೊಳ್ಳಲು ಯಾವ ರ‍್ಯಾಂಕಿಂಗಿಗಿಂತಲೂ ಮುಖ್ಯವಾಗಿ ತೋರುತ್ತದೆ. 1903ರಲ್ಲಿ ಸಾಂಕ್ರಾಮಿಕದ ಭಯದಿಂದ ಚರಂಡಿಯನ್ನು ಮೊದಲಿಟ್ಟುಕೊಂಡು ಯೋಚಿಸಿದ ಊರಿನ ಅಂಚಿನಲ್ಲೇ, ನೂರಿಪ್ಪತ್ತು ವರ್ಷಗಳ ಬಳಿಕ, ನೀರಿನಿಂದ ಹರಡುವ ರೋಗಕ್ಕೆ ಎಳೆಯ ಜೀವವೊಂದು ಹೋಗಿದೆ.

ನೀರಿನ ಸ್ಥಿತಿಯೂ ಇದಕ್ಕೆ ಹೊರತಲ್ಲ. ಕೃಷ್ಣರಾಜಸಾಗರ ಇಲ್ಲಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿದೆ, ಇನ್ನೊಂದು ದಿಕ್ಕಿನಲ್ಲಿ ಕಬಿನಿಯಿದೆ. ಎರಡು ನದಿಗಳ ನಡುವಿನ ಊರಿಗೆ ನೀರಿನ ಕೊರತೆ ಎಂದರೆ ಹೊರಗಿನವರು ನಂಬುವುದಿಲ್ಲ. ಆದರೂ ಹೊರ ಬಡಾವಣೆಗಳಲ್ಲಿ ಮನೆ ಕೊಳ್ಳುವವರು ಇಂದಿಗೂ ಮೊದಲು ಕೇಳುವ ಪ್ರಶ್ನೆ ‘ಕಾವೇರಿ ನೀರು ಬರುತ್ತದೆಯೋ, ಬೋರ್ ನೀರೋ’ ಎಂಬುದು. ನಗರಕ್ಕೆ 24 ಗಂಟೆ ನೀರು ಕೊಡುವ ಕನಸನ್ನು ಹಿಂದೊಮ್ಮೆ ಖಾಸಗಿ ಕಂಪನಿಯೊಂದಕ್ಕೆ ಒಪ್ಪಿಸಿ ನೋಡಲಾಯಿತು. ಅದು ವಿವಾದದಲ್ಲಿ ಮುಗಿಯಿತು. ಕೆಆರ್‌ಎಸ್ ಹಿನ್ನೀರಿನಿಂದ ನಗರಕ್ಕೂ ಸುತ್ತಲ ಹಳ್ಳಿಗಳಿಗೂ ನೀರು ತರುವ ಹಳೇ ಉಂಡವಾಡಿ ಯೋಜನೆಯ ಮೇಲೆ ಈಗ ಎಲ್ಲರ ಕಣ್ಣಿದೆ, ಅದು ಅಂದುಕೊಂಡದ್ದಕ್ಕಿಂತ ಬಹಳ ನಿಧಾನವಾಗಿ ಸಾಗಿದೆ. ನದಿಯ ಹತ್ತಿರ ಇರುವುದರಿಂದ ನಲ್ಲಿಗೆ ನೀರು ಬರುವುದಿಲ್ಲ. ನೀರನ್ನು ಮೇಲಕ್ಕೆತ್ತುವ ಪಂಪು, ಸಂಗ್ರಹಿಸುವ ಟ್ಯಾಂಕು, ಹಂಚುವ ಕೊಳವೆ ಇವು ಬಡಾವಣೆಗಿಂತ ಮುಂದೆ ಹೋಗಿರಬೇಕು. ಇಲ್ಲಿ ಅವು ಸದಾ ಬಡಾವಣೆಯ ಹಿಂದೆ ಓಡುತ್ತಿವೆ.

ಹೊಸ ಊರಿನ ಕಥೆ ಹೀಗಿದ್ದರೆ, ಚಿತ್ರದೊಳಗಿನ ಹಳೆಯ ಊರು ಸುರಕ್ಷಿತವಾಗಿದೆ ಎಂದೂ ಹೇಳುವಂತಿಲ್ಲ. 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ಹಳೆಯ ಪುಸ್ತಕದಂಗಡಿಗಳಿಂದಾಗಿ ಮೈಸೂರಿನ ವಿದ್ಯಾರ್ಥಿಗಳೆಲ್ಲರೂ ಬಲ್ಲ ಜಾಗ ಅದು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. 2022ರ ಅಕ್ಟೋಬರಿನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಸರದಿ. ಲ್ಯಾನ್ಸ್‌ಡೌನ್ ಹಾಗೂ ದೇವರಾಜ ಮಾರುಕಟ್ಟೆಗಳನ್ನು ಕೆಡವಿ ಅದೇ ಮಾದರಿಯಲ್ಲಿ ಕಟ್ಟಬೇಕೋ ದುರಸ್ತಿ ಮಾಡಿ ಉಳಿಸಬೇಕೋ ಎಂಬ ವಾದ ತಜ್ಞರ ಸಮಿತಿಗಳಲ್ಲೂ ನ್ಯಾಯಾಲಯದಲ್ಲೂ ವರ್ಷಗಟ್ಟಲೆ ಎಳೆದಿದೆ. ಪಾರಂಪರಿಕ ನಗರಿ ಎಂಬ ಹೆಸರು ಪ್ರವಾಸೋದ್ಯಮದ ಪೋಸ್ಟರಿಗೆ ಸಲ್ಲುತ್ತದೆ. ಸೋರುವ ಮಾಳಿಗೆಯ ಕೆಳಗೆ ಹೂವು, ಹಣ್ಣು, ವೀಳ್ಯದೆಲೆ ಮಾರುವ ವ್ಯಾಪಾರಿಗೆ ಆ ಹೆಸರಿನಿಂದ ಒಂದು ಹಿಡಿ ಗಾರೆಯೂ ಬಂದಿಲ್ಲ. ಪರಂಪರೆಯನ್ನು ಉಳಿಸುವುದೆಂದರೆ ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಗಿಡ ಕಿತ್ತು, ನೀರು ಹೋಗುವ ದೋಣಿ ಸರಿಮಾಡುವ ವಾರ್ಷಿಕ ನಿರ್ವಹಣೆ. ಇದಕ್ಕೆ ಉದ್ಘಾಟನಾ ಸಮಾರಂಭ ಇಲ್ಲವಾದ್ದರಿಂದಲೋ ಏನೋ, ಹಣವೂ ಇಲ್ಲ.

ದಸರೆಯ ಖರ್ಚಿನ ಸ್ವರೂಪ ಇದೇ ಮಾತನ್ನು ಹೇಳುತ್ತದೆ. ಹಬ್ಬಕ್ಕೆ ಮುಂಚಿನ ಕೆಲವು ವಾರಗಳಲ್ಲಿ ಮೆರವಣಿಗೆಯ ದಾರಿಗೆ ಡಾಂಬರು, ವೃತ್ತಗಳಿಗೆ ಬಣ್ಣ, ಮರಗಳಿಗೂ ಕಂಬಗಳಿಗೂ ವಿದ್ಯುದ್ದೀಪ. ತುರ್ತು ಎಂಬ ಹೆಸರಿನಲ್ಲಿ ಆದ ಈ ತೇಪೆಗಳು ಮುಂದಿನ ಮಳೆಗೆ ಎದ್ದು ಹೋಗುತ್ತವೆಂದು ಊರಿನವರೆಲ್ಲರಿಗೂ ಗೊತ್ತು. ದಸರಾ ಮೈಸೂರಿನ ಜೀವ, ಅದು ವೈಭವದಿಂದಲೇ ನಡೆಯಬೇಕು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಊರಿನ ವಾರ್ಷಿಕ ಕಾಮಗಾರಿಯ ವೇಳಾಪಟ್ಟಿಯೇ ಕ್ಯಾಮೆರಾ ನೋಡುವ ಹತ್ತು ದಿನಗಳಿಗೆ ಹೊಂದಿಕೊಂಡು, ಕ್ಯಾಮೆರಾ ಹೋಗದ ಕಡೆಗಳು ಮುಂದಿನ ವರ್ಷಕ್ಕೆ ಉಳಿದುಕೊಳ್ಳುವುದು ಆಡಳಿತದ ಲಕ್ಷಣವಲ್ಲ. ನೆರಳಿನ ರಸ್ತೆಗಳ ಊರೆಂಬ ಖ್ಯಾತಿಯೂ ರಸ್ತೆ ಅಗಲಿಸುವವರ ಕೈಯನ್ನು ಕಟ್ಟಿಲ್ಲ. 2025ರ ಏಪ್ರಿಲಿನಲ್ಲಿ ಹೈದರಾಲಿ ರಸ್ತೆಯ ನಲವತ್ತು ಮರಗಳನ್ನು ಉರುಳಿಸಿದಾಗ ಜನ ಬೀದಿಗಿಳಿದು ಪ್ರತಿಭಟಿಸಿದರು, ಮರಗಳಂತೂ ಹೋದವು.

ಚಿತ್ರದಲ್ಲಿ ಎಂದೂ ಜಾಗ ಪಡೆಯದ ಇನ್ನೊಂದು ಮೈಸೂರು ಊರಿನ ಈಶಾನ್ಯಕ್ಕಿದೆ. ಮೈಸೂರಿನ ಅಗರಬತ್ತಿ ದೇಶವಿದೇಶಕ್ಕೆ ಹೋಗುತ್ತದೆ. ಎನ್.ಆರ್. ಮೊಹಲ್ಲಾ, ಉದಯಗಿರಿ, ಶಾಂತಿನಗರ, ರಾಜೀವನಗರಗಳ ಇಕ್ಕಟ್ಟಾದ ಮನೆಗಳಲ್ಲಿ ಹೆಂಗಸರು ಅಗರಬತ್ತಿ ಹೊಸೆದು, ಬೀಡಿ ಕಟ್ಟಿ, ಎಣಿಕೆಯ ಮೇಲೆ ಕೂಲಿ ಪಡೆಯುತ್ತಾರೆ. ಮನೆಯೇ ಕಾರ್ಖಾನೆಯಾದ್ದರಿಂದ ಅವರಿಗೆ ನೀರು ತಪ್ಪಿದರೆ, ಚರಂಡಿ ಉಕ್ಕಿದರೆ, ಕರೆಂಟು ಹೋದರೆ ಆ ದಿನದ ದುಡಿಮೆಯೂ ತಪ್ಪುತ್ತದೆ. ಪಿಂಚಣಿಯ ಮೈಸೂರಿನ ಮಾತು ಇವರಿಗೆ ಅನ್ವಯಿಸಿದ್ದೇ ಇಲ್ಲ. ಸುವಾಸನೆಯ ನಗರವೆಂದು ಹೊಗಳುವಾಗ ಆ ಸುವಾಸನೆಯನ್ನು ಕೈಯಾರೆ ತಯಾರಿಸುವವರ ಬೀದಿಯನ್ನು ಒಮ್ಮೆ ನೋಡಿ ಬರುವುದು ನ್ಯಾಯ.

ಯುವಜನರ ಲೆಕ್ಕ ಇನ್ನೊಂದು ಬಗೆಯದು. ಐಡಿಯಲ್ ಜಾವಾ ಮೋಟಾರ್‌ಸೈಕಲ್ ಕಾರ್ಖಾನೆ 1996ರಲ್ಲಿ ಮುಚ್ಚಿತು, ಕೃಷ್ಣರಾಜೇಂದ್ರ ಮಿಲ್ಲು ಅದೇ ದಾರಿ ಹಿಡಿಯಿತು. ಇನ್ಫೋಸಿಸ್‌ನ ವಿಶಾಲ ತರಬೇತಿ ಕೇಂದ್ರ ಹೆಬ್ಬಾಳದಲ್ಲಿದೆ, ದೇಶದ ಎಲ್ಲೆಡೆಯಿಂದ ಹುಡುಗ ಹುಡುಗಿಯರು ಅಲ್ಲಿಗೆ ಬಂದು ಕಲಿತು ಬಹುಪಾಲು ಬೇರೆ ಊರುಗಳ ಕಚೇರಿಗಳಿಗೆ ಹೊರಟುಹೋಗುತ್ತಾರೆ. ಮೈಸೂರಿನದೇ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದವರಿಗೂ ಕೆಲಸ ಬೆಂಗಳೂರಿನಲ್ಲಿ. ಬೆಳಗಿನ ರೈಲುಗಳಲ್ಲಿ ಹೋಗಿ ರಾತ್ರಿ ಮರಳುವವರ ದೊಡ್ಡ ಸಮೂಹವೇ ಇಲ್ಲಿದೆ. 2023ರ ಮಾರ್ಚ್ 12ರಂದು 118 ಕಿಲೋಮೀಟರಿನ ಬೆಂಗಳೂರು–ಮೈಸೂರು ಹೆದ್ದಾರಿ ಲೋಕಾರ್ಪಣೆಯಾದಾಗ ಎರಡು ಊರುಗಳ ನಡುವಿನ ಮೂರು ಗಂಟೆಯ ಹಾದಿ ಒಂದೂವರೆ ಗಂಟೆಗೆ ಇಳಿಯಿತು. ಉದ್ಯಮ ಇತ್ತ ಬರುತ್ತದೆ ಎಂಬ ನಿರೀಕ್ಷೆ ಅಂದಿತ್ತು. ಅದಕ್ಕೆ ಮೊದಲು ಬಂದದ್ದು ನಿವೇಶನದ ಬೇಡಿಕೆ. ಬೆಂಗಳೂರಿನ ಸಂಬಳದ ಅಳತೆಯಲ್ಲಿ ಮೈಸೂರಿನ ಭೂಮಿ ಅಗ್ಗ, ಮೈಸೂರಿನ ಸಂಬಳದ ಅಳತೆಯಲ್ಲಿ ಅದು ಕೈಗೆಟುಕದ ವಸ್ತು. ಇಲ್ಲಿಯೇ ಹುಟ್ಟಿ, ಇಲ್ಲಿಯೇ ಶಾಲಾ ಮೇಷ್ಟರಾಗಿಯೋ ಅಂಗಡಿಯ ಗುಮಾಸ್ತರಾಗಿಯೋ ದುಡಿಯುವ ಕುಟುಂಬ ರಿಂಗ್ ರೋಡಿನಾಚೆಗೆ ಸರಿಯುತ್ತದೆ, ಅಂದರೆ ಯುಜಿಡಿ ಇಲ್ಲದ, ಸಂಜೆಯ ಮೇಲೆ ಸಿಟಿ ಬಸ್ಸು ಅಪರೂಪವಾಗುವ ಕಡೆಗೆ. ಶಾಂತವಾದ ಊರೆಂಬ ಹೆಸರು ಹೊರಗಿನವರನ್ನು ಕರೆಯುತ್ತಿದೆ, ಆ ಕರೆಯ ಖರ್ಚನ್ನು ಒಳಗಿನವರು ಭರಿಸುತ್ತಿದ್ದಾರೆ. ಕೊಳ್ಳಲು ಬರುವವರ ಮೇಲೆ ಇದರ ತಪ್ಪನ್ನು ಹೊರಿಸಲಾರೆ. ನೆಮ್ಮದಿಯ ಮನೆ ಹುಡುಕುವುದು ಯಾರ ಅಪರಾಧವೂ ಅಲ್ಲ. ಆದರೆ ನಕ್ಷೆ ನೋಡಿ ಸೈಟು ಕೊಳ್ಳುವ ನಿವೃತ್ತ ದಂಪತಿಗೆ, ಎಪ್ಪತ್ತರ ವಯಸ್ಸಿನಲ್ಲಿ ಆಸ್ಪತ್ರೆಗೆ ಹೋಗಲು ಪ್ರತಿ ಸಲ ಕಾರೇ ಬೇಕಾಗುವ, ಫುಟ್‌ಪಾತ್ ಇಲ್ಲದ ಬಡಾವಣೆಯಲ್ಲಿ ‘ನಿವೃತ್ತರ ಸ್ವರ್ಗ’ ಸಿಗುವುದಿಲ್ಲ ಎಂದು ಮೊದಲೇ ಹೇಳುವವರು ಇರಬೇಕು.

ಈಗ ಪ್ರಶ್ನೆ ಇರುವುದು ಅಧಿಕಾರ ಯಾರ ಕೈಯಲ್ಲಿದೆ ಎಂಬುದರಲ್ಲಿ. ನಗರದ ಸುತ್ತ ಬೆಳೆದ ಪ್ರದೇಶವನ್ನು ಹೂಟಗಳ್ಳಿ ನಗರಸಭೆ ಮತ್ತು ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾಗಿ ವಿಂಗಡಿಸಲಾಯಿತು. ಒಂದೇ ಇಳಿಜಾರಿನಲ್ಲಿ ಹರಿಯುವ ಕೊಳಚೆ ಹೀಗೆ ಮೂರು ನಾಲ್ಕು ಸಂಸ್ಥೆಗಳ ಗಡಿಯನ್ನು ದಾಟುತ್ತದೆ, ಮತ್ತು ಪ್ರತಿಯೊಂದು ಸಂಸ್ಥೆಗೂ ಅದು ಪಕ್ಕದವರ ಕೊಳಚೆಯಾಗಿಯೇ ಕಾಣುತ್ತದೆ. ಇವೆಲ್ಲವನ್ನೂ ಪಾಲಿಕೆಯೊಡನೆ ಸೇರಿಸಿ ಬೃಹತ್ ಮೈಸೂರು ಮಾಡುವ ಪ್ರಸ್ತಾವದ ಬೆಂಬಲಿಗರ ಮುಖ್ಯ ವಾದವೂ ಇದೇ, ಮತ್ತು ಒಳಚರಂಡಿಯ ಮಟ್ಟಿಗೆ ಆ ವಾದ ಸರಿಯಾಗಿದೆ. ಆದರೆ ಮೈಸೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2023ರ ನವೆಂಬರಿನಲ್ಲೇ ಮುಗಿದು, ಆಡಳಿತ ಅಧಿಕಾರಿಗಳ ಕೈಗೆ ಹೋಯಿತು. ಚರಂಡಿ ಉಕ್ಕಿದಾಗ ಬಾಗಿಲು ತಟ್ಟಲು ವಾರ್ಡಿನ ಕಾರ್ಪೊರೇಟರೇ ಇಲ್ಲದ ಊರಿನ ಗಡಿಯನ್ನು ಮಾತ್ರ ದೊಡ್ಡದು ಮಾಡಿದರೆ, ಈಗ ಗ್ರಾಮ ಪಂಚಾಯಿತಿಗೋ ಪಟ್ಟಣ ಪಂಚಾಯಿತಿಗೋ ಹೋಗಿ ಜಗಳವಾಡಬಲ್ಲ ಜನರೂ ಆ ಅವಕಾಶವನ್ನು ಕಳೆದುಕೊಳ್ಳುತ್ತಾರೆ. ಆದ್ದರಿಂದ ಬೃಹತ್ ಮೈಸೂರಿನ ಅಧಿಸೂಚನೆಯಲ್ಲಿ ಹುಡುಕಬೇಕಾದ್ದು ಎಷ್ಟು ಚದರ ಕಿಲೋಮೀಟರ್ ಸೇರಿತು ಎಂಬುದನ್ನಲ್ಲ. ಹೊಸದಾಗಿ ಸೇರುವ ಬಡಾವಣೆಗಳ ಕೊಳಚೆ ಕೆಸರೆಗೋ ರಾಯನಕೆರೆಗೋ ವಿದ್ಯಾರಣ್ಯಪುರಕ್ಕೋ ಯಾವ ಕೊಳವೆಯಲ್ಲಿ, ಯಾವ ವರ್ಷದೊಳಗೆ, ಯಾರ ಹಣದಲ್ಲಿ ತಲುಪುತ್ತದೆ, ಮತ್ತು ವಾರ್ಡ್ ಚುನಾವಣೆ ಯಾವಾಗ ನಡೆಯುತ್ತದೆ ಎಂಬ ಎರಡು ಸಂಗತಿಗಳನ್ನು ಅದರಲ್ಲಿ ಬರೆಯಲೇಬೇಕೆಂದು ಹಳೆಯ ಅಗ್ರಹಾರದವರೂ ಉದಯಗಿರಿಯವರೂ ಕೆ. ಸಾಲುಂಡಿಯವರೂ ಒಟ್ಟಾಗಿ ಕೇಳಬೇಕಾದ ಸಮಯ ಇದು.